ಕುಲುಮೆಯ ಮುಂದೆ ಕಲಿತ ಸ್ವೀಡಿಷ್

ಸ್ವೀಡಿಷ್ ಭಾಷೆಯಲ್ಲಿ ನಾನು ಕಲಿತ ಮೊದಲ ಮಾತು ‘ಬೊಟ್’. ಆಚೆ ಹೋಗು, ದೂರ ಸರಿ, ಕೈ ತೆಗೆ, ಎಲ್ಲಕ್ಕೂ ಅದೊಂದೇ. ನಮಸ್ಕಾರ, ಚೆನ್ನಾಗಿದ್ದೀರಾ, ನನ್ನ ಹೆಸರು ಇಂಥದ್ದು ಎಂದು ಶುರುವಾಗುವ ಪುಸ್ತಕ ನನಗೆ ಸಿಕ್ಕಿದ್ದು ಎಷ್ಟೋ ಆಮೇಲೆ. ಭದ್ರಾವತಿಯ ಕಾರ್ಖಾನೆಯಲ್ಲಿ, ಇನ್ನೂ ಪೂರ್ತಿ ಶೀಟು ಹೊದಿಸದ ಹೊಸ ಶೆಡ್ಡಿನಲ್ಲಿ, ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರದ ಒಬ್ಬ ಬಿಳಿಯ ಮನುಷ್ಯ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದು ಆ ಮಾತು ಹೇಳಿದ. ನಾನು ನಿಂತಿದ್ದ ಜಾಗಕ್ಕೆ ಮರುಗಳಿಗೆಯಲ್ಲಿ ಕ್ರೇನಿನ ಕೊಕ್ಕೆ ಬಂದು ತೂಗಾಡಿತು. ಅರ್ಥ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಇದನ್ನು ಈಗ ಬರೆಯಲು ಕಾರಣ ವಿನೋಬನಗರದ ನಮ್ಮ ಬೀದಿಯ ಒಂದು ಹೆಣ್ಣುಮಗಳು. ಜರ್ಮನ್ ಭಾಷೆಯ ಎರಡು ಪರೀಕ್ಷೆ ಪಾಸು ಮಾಡಿ, ಯಂತ್ರ ತರಿಸಿಕೊಳ್ಳುವ ಒಂದು ಕಂಪನಿಯಲ್ಲಿ ಭಾಷಾಂತರದ ಕೆಲಸಕ್ಕೆ ಸೇರಿದ್ದಾಳೆ. ‘ತಾತ, ನೀವೂ ದುಭಾಷಿ ಆಗಿದ್ರಂತಲ್ಲ, ಒಂದೆರಡು ಟಿಪ್ಸ್ ಕೊಡಿ’ ಅಂದಳು. ಟಿಪ್ಸ್ ಅಂತೆ! ಹೋಟೆಲ್ ಮಾಣಿಗೆ ಕೊಟ್ಟ ಹಾಗೆ ಕೊಟ್ಟು ಕಳಿಸುವುದಕ್ಕೆ ಆಗುತ್ತದೆಯೆ? ಕೂತು ಕೇಳುವ ಪುರುಸೊತ್ತು ಅವಳಿಗಿಲ್ಲ, ಆದ್ದರಿಂದ ಬರೆದಿಡುತ್ತಿದ್ದೇನೆ. ನನಗೆ ಯಾವ ವರ್ಷ ಯಾವ ಗ್ರೇಡು ಸಿಕ್ಕಿತು ಎನ್ನುವುದನ್ನು ಇಲ್ಲಿ ಹುಡುಕಬೇಡಿ. ಅವೆಲ್ಲ ಸರ್ವಿಸ್ ಪುಸ್ತಕದಲ್ಲಿದ್ದವು, ಇಷ್ಟು ಹೊತ್ತಿಗೆ ಇಲಿಗಳು ಓದಿ ಮುಗಿಸಿರುತ್ತವೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಶಿವಮೊಗ್ಗದಿಂದ ದಿನಾ ಬೆಳಿಗ್ಗೆ ರೈಲಿನಲ್ಲಿ ಭದ್ರಾವತಿಗೆ ಹೋಗಿ ಬರುತ್ತಿದ್ದ ಸ್ಟೋರ್ಸ್ ಗುಮಾಸ್ತ. ವಯಸ್ಸು ಮೂವತ್ತೊಂದು, ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಕಾರ್ಖಾನೆಗೆ ಸ್ವೀಡನ್ನಿನಿಂದ ವಿದ್ಯುತ್ ಕುಲುಮೆ ಬಂತು. ಅದನ್ನು ನಿಲ್ಲಿಸಿ ಕೊಡಲು ಅಲ್ಲಿಂದ ಒಬ್ಬ ಎಂಜಿನಿಯರ್, ಒಬ್ಬ ಕುಲುಮೆ ಮೇಸ್ತ್ರಿ ಬಂದರು. ಎಂಜಿನಿಯರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಅದಕ್ಕೇ ಏನೋ ಆತ ಆರು ವಾರಕ್ಕೆ ಹೊಟ್ಟೆ ಕೆಡಿಸಿಕೊಂಡು ಊರಿಗೆ ಹೊರಟುಹೋದ. ಉಳಿದವನು ಮೇಸ್ತ್ರಿ ಹೋಲ್ಮ್, ಮತ್ತು ಅವನ ಹೆಂಡತಿ. ಹೋಲ್ಮ್‌ಗೆ ಇಂಗ್ಲಿಷಿನಲ್ಲಿ ‘ಗುಡ್’, ‘ನೋ ಗುಡ್’ ಬಿಟ್ಟರೆ ಮೂರನೆಯದು ಬರುತ್ತಿರಲಿಲ್ಲ. ನಮ್ಮವರು ಮೂರೇ ದಿನದಲ್ಲಿ ಅವನ ಹೆಸರು ತಿದ್ದಿ ‘ಹೊಳ್ಳರು’ ಮಾಡಿಕೊಂಡರು.

ನನ್ನನ್ನು ಆರಿಸಿದ್ದಕ್ಕೆ ನನ್ನ ಬುದ್ಧಿವಂತಿಕೆ ಕಾರಣವಲ್ಲ. ಸ್ವೀಡನ್ನಿನಿಂದ ಬಂದ ಪೆಟ್ಟಿಗೆಗಳ ಮೇಲಿನ ಹೆಸರುಗಳನ್ನು ಪಟ್ಟಿಗೆ ಹೊಂದಿಸಿ, ಯಾವುದು ಬೋಲ್ಟು, ಯಾವುದು ಇಟ್ಟಿಗೆ ಎಂದು ಹೇಳಬಲ್ಲವನು ಸ್ಟೋರ್ಸಿನಲ್ಲಿ ನಾನೊಬ್ಬನೇ ಆಗಿದ್ದೆ. ಸೂಪರಿಂಟೆಂಡೆಂಟರು ಕರೆಸಿ, ‘ಶಿವಲಿಂಗಪ್ಪ, ನಾಳೆಯಿಂದ ಹೊಳ್ಳರ ಹಿಂದೆ ಇರು. ಅವರು ಹೇಳಿದ್ದು ನಮಗೆ ತಿಳೀಬೇಕು, ನಾವು ಹೇಳಿದ್ದು ಅವರಿಗೆ ತಿಳೀಬೇಕು. ಹೇಗೆ ಅಂತ ಕೇಳ್ಬೇಡ’ ಎಂದರು. ಆ ಕಾಲದಲ್ಲಿ ತರಬೇತಿ ಎಂದರೆ ಅಷ್ಟೇ.

ಹೊಸ ಶೆಡ್ಡಿನಲ್ಲಿ ನಮ್ಮ ಕಡೆಯ ಮೇಸ್ತ್ರಿ ಮುನಿಸ್ವಾಮಿ. ಅಪ್ಪನ ಕಾಲದಲ್ಲೇ ಸೇಲಂ ಕಡೆಯಿಂದ ಬಂದು ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ನೆಲೆ ನಿಂತವರು. ಹಳೆಯ ಶೆಡ್ಡಿನಲ್ಲಿ ಮೂವತ್ತು ವರ್ಷ ಮರಳಿನ ಅಚ್ಚುಗಳಿಗೆ ಕರಗಿದ ಕಬ್ಬಿಣ ಹೊಯ್ಯಿಸಿದ ಕೈ. ಅಕ್ಷರ ಬರುತ್ತಿರಲಿಲ್ಲ, ಆದರೆ ಬೆಂಕಿಯ ಬಣ್ಣ ನೋಡಿ ಕಾವು ಹೇಳುತ್ತಿದ್ದರು, ಮೀಟರ್ ಆಮೇಲೆ ತಲೆಯಾಡಿಸುತ್ತಿತ್ತು. ನಾನು ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಗೇಟಿನ ಹತ್ತಿರ ತಬ್ಬಿಬ್ಬಾಗಿ ನಿಂತಿದ್ದಾಗ ಕೈ ಹಿಡಿದು ಒಳಗೆ ಕರೆದುಕೊಂಡು ಹೋದವರು ಅವರೇ. ಅವರ ಮನೆಯ ಪುಳಿಯೋಗರೆ ತಿಂದ ಋಣ ನನಗಿತ್ತು.

ಮೊದಲ ತಿಂಗಳು ನಾನು ಮಾಡಿದ್ದು ಬೆರಳು ತೋರಿಸುವ ಕೆಲಸ. ಸಲಿಕೆ ತೋರಿಸುವುದು, ಹೋಲ್ಮ್ ಹೆಸರು ಹೇಳುವುದು, ನಾನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು. ಸ್ಟೋರ್ಸಿನ ಹಳೆಯ ಇಂಡೆಂಟ್ ಪುಸ್ತಕದ ಹಿಂಬದಿಯೇ ನನ್ನ ನಿಘಂಟು. ರಾತ್ರಿ ಬಾಯಿಪಾಠ ಮಾಡುತ್ತೇನೆ ಎಂದುಕೊಂಡಿದ್ದೆ. ಮನೆಯಲ್ಲಿ ಮಕ್ಕಳು ಮಗ್ಗಿ ಹೇಳುವ ಗಲಾಟೆಯಲ್ಲಿ ಅದು ಆಗಲಿಲ್ಲ, ಹಾಗಾಗಿ ರೈಲಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಎದುರು ಕೂತಿದ್ದ ಅಡಿಕೆ ಮಂಡಿಯ ಒಬ್ಬರು ಎರಡು ದಿನ ನೋಡಿ, ಮೂರನೆಯ ದಿನ ಬೇರೆ ಬೋಗಿಗೆ ಹೋದರು.

ಒಂದು ಅನುಕೂಲ ನಮಗಿತ್ತು, ಅದನ್ನು ಕಂಡುಹಿಡಿದದ್ದು ಶ್ರೀಮತಿ ಹೋಲ್ಮ್. ಆಕೆ ಊರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ನ್ಯೂ ಟೌನಿನ ಗೆಸ್ಟ್ ಹೌಸಿನಲ್ಲಿ ಮಾತಿಗೆ ಜನವಿಲ್ಲದೆ ಒದ್ದಾಡುತ್ತಿದ್ದರು. ವಾರಕ್ಕೆ ಮೂರು ಸಂಜೆ, ನನ್ನ ರೈಲಿಗೆ ಮೊದಲು ಒಂದು ಗಂಟೆ ಕೂರಿಸಿಕೊಂಡು ಕಲಿಸಿದರು. ನಮ್ಮ ಟ, ಡ, ಣ ಇವೆಯಲ್ಲ, ನಾಲಿಗೆ ಮೇಲಕ್ಕೆ ಮಡಚಿ ಹೇಳುವವು, ಅವು ಅವರ ಭಾಷೆಯಲ್ಲೂ ಇವೆ. ಮಗುವಿಗೆ ‘ಬಾಣ್’, ಮೇಜಿಗೆ ‘ಬೂಡ್’. ನಾನು ಒಂದೇ ಏಟಿಗೆ ಸರಿಯಾಗಿ ಹೇಳಿದಾಗ ಆಕೆ ಕೈತಟ್ಟಿ ಎದ್ದು ನಿಂತರು. ಇಂಗ್ಲಿಷ್ ಎಂಜಿನಿಯರುಗಳಿಗೆ ಹತ್ತು ವರ್ಷಕ್ಕೂ ಬಾರದ ‘ಣ್’ ಅಂತೆ ಅದು. ನನಗೆ ಒಂದು ಕೊಂಬು ಮೂಡಿತು.

ಇನ್ನೊಂದು ಸಂಗತಿ ಕೇಳಿ ನನಗೆ ತುಂಬ ಖುಷಿಯಾಗಿತ್ತು. ಆ ಕಾಲದ ಸ್ವೀಡನ್ನಿನಲ್ಲಿ ಗೌರವಸ್ಥರನ್ನು ನೀನು, ನೀವು ಎಂದು ಮಾತಾಡಿಸುತ್ತಿರಲಿಲ್ಲ. ಎದುರಿಗೆ ಕೂತವರನ್ನೇ ‘ಮೇಸ್ತ್ರಿಗಳು ಕಾಫಿ ಕುಡಿಯುತ್ತಾರೆಯೆ?’ ಎಂದು ಕೇಳುವುದು. ಶ್ರೀಮತಿ ಹೋಲ್ಮ್ ನನ್ನನ್ನೂ ಹಾಗೇ ಕೇಳುತ್ತಿದ್ದರು, ‘ಲಿಂಗಪ್ಪನವರು ಇನ್ನೊಂದು ಬಿಸ್ಕತ್ತು ತೆಗೆದುಕೊಳ್ಳುತ್ತಾರೆಯೆ?’ ಕಾರ್ಖಾನೆಯಲ್ಲಿ ‘ಏಯ್ ಸ್ಟೋರ್ಸು’ ಅನ್ನಿಸಿಕೊಂಡವನಿಗೆ ಹೇಗಾಗಿರಬೇಡ! ಬಿಸ್ಕತ್ತು ಇಷ್ಟವಿಲ್ಲದಿದ್ದರೂ ಆ ಪ್ರಶ್ನೆಗಾಗಿ ಎರಡು ತಿನ್ನುತ್ತಿದ್ದೆ.

ಹೋಲ್ಮ್ ಮಾತ್ರ ಬೇರೆ ಥರದವನು. ಉತ್ತರದ ಹಿಮದ ಊರಿನಿಂದ ಬಂದವನು, ಮಾತು ಕಡಿಮೆ. ಅವನು ‘ಹೌದು’ ಅನ್ನಬೇಕಾದರೆ ಬಾಯಿ ಚೂಪು ಮಾಡಿ ಉಸಿರನ್ನು ಚುರ್ ಎಂದು ಒಳಗೆಳೆದುಕೊಳ್ಳುತ್ತಿದ್ದ. ಅಷ್ಟೇ, ಅದೇ ಹೌದು. ಅವನ ಸೀಮೆಯಲ್ಲಿ ಎಲ್ಲರೂ ಹಾಗೆಯೇ ಅಂತೆ. ನಮಗೆ ಹೇಗೆ ಗೊತ್ತಾಗಬೇಕು? ‘ಅಯ್ಯೋ ಪಾಪ, ಹೊಳ್ಳರಿಗೆ ಉಬ್ಬಸ ಇದೆ ಕಣಪ್ಪಾ’ ಎಂದು ಮುನಿಸ್ವಾಮಿ ಮೇಸ್ತ್ರಿ ಮನೆಯಿಂದ ಶುಂಠಿ, ಮೆಣಸಿನ ಕಷಾಯ ಮಾಡಿಸಿಕೊಂಡು ಬಂದರು. ಹೋಲ್ಮ್ ಒಂದೇ ಗುಟುಕಿಗೆ ಕುಡಿದ, ಕಣ್ಣಲ್ಲಿ ನೀರು ಬಂತು. ಚೆನ್ನಾಗಿದೆಯಾ ಎಂದು ಮೇಸ್ತ್ರಿ ಸನ್ನೆಯಲ್ಲಿ ಕೇಳಿದರು. ಹೋಲ್ಮ್ ಮತ್ತೆ ಚುರ್ ಎಂದು ಉಸಿರೆಳೆದ. ‘ನೋಡು, ಇನ್ನೂ ಹೋಗಿಲ್ಲ’ ಎಂದು ಮೇಸ್ತ್ರಿ ಎರಡನೆಯ ಲೋಟ ಬಗ್ಗಿಸಿದರು. ಹೀಗೆ ಒಂದು ವಾರ ಕಷಾಯ ಕುಡಿಸಿದ ಮೇಲೆ ನಾನು ಶ್ರೀಮತಿಯನ್ನು ಕೇಳಿ ತಿಳಿದುಕೊಂಡೆ.

ಆ ಮೇಲೆ ಇಬ್ಬರಿಗೂ ಜೋಡಿ ಕುದುರಿತು. ಮೇಸ್ತ್ರಿ ಎನ್ನುವುದಕ್ಕೆ ಅವರಲ್ಲೂ ‘ಮೆಸ್ತಾರೆ’ ಎಂದೇ ಹೆಸರು. ಒಬ್ಬರನ್ನೊಬ್ಬರು ಹಾಗೆ ಕರೆದುಕೊಂಡು ಇಟ್ಟಿಗೆ ಮುಟ್ಟಿ, ಬೆಂಕಿ ತೋರಿಸಿ ಅರ್ಧ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು. ಉಳಿದರ್ಧಕ್ಕೆ ನಾನಿದ್ದೆ. ನನ್ನ ದೊಡ್ಡಸ್ತಿಕೆ ಬೆಳೆದದ್ದೂ, ನಾನು ಕೆಟ್ಟದ್ದೂ ಆ ಅರ್ಧದಲ್ಲೇ.

ಹೇಗೆ ಎಂದು ಹೇಳುತ್ತೇನೆ. ಕುಲುಮೆಯ ಒಳಗೋಡೆಯ ಇಟ್ಟಿಗೆ ಕೆಲಸ ನಡೆಯುತ್ತಿತ್ತು. ಹೋಲ್ಮ್ ಒಂದು ದಿನ ಬಂದು ನೋಡಿ, ‘ಇದು ಹಂದಿಗಳು ಮಾಡಿದ ಕೆಲಸ, ಕಿತ್ತು ಹಾಕಿ’ ಎಂದ. ಹನ್ನೆರಡು ಜನ ಬೆವರು ಒರೆಸಿಕೊಂಡು ನನ್ನ ಬಾಯಿ ನೋಡುತ್ತಿದ್ದರು. ನಾನು, ‘ಹೊಳ್ಳರಿಗೆ ತುಂಬಾ ಸಂತೋಷ ಆಗಿದೆ, ಆದ್ರೆ ಈ ಮೂಲೇಲಿ ಒಂದು ನಾಲ್ಕು ಸಾಲು ತೆಗೆದು ಮತ್ತೆ ಕಟ್ಟಿದ್ರೆ ಇನ್ನೂ ಚೆನ್ನಾಗಿರುತ್ತೆ ಅಂತಾರೆ’ ಎಂದೆ. ಅವರು ನಗುನಗುತ್ತ ಕಿತ್ತು ಕಟ್ಟಿದರು. ಇನ್ನೊಂದು ದಿನ ನಮ್ಮ ಕ್ರೇನಿನವನು, ‘ಈ ಒಂಟೆಗೆ ಕಣ್ಣು ಕಾಣಲ್ವಾ’ ಎಂದು ಹೋಲ್ಮ್ ಮೇಲೆ ಹರಿಹಾಯ್ದ. ನಾನು ಅದನ್ನು, ‘ಮೆಸ್ತಾರೆ ಸ್ವಲ್ಪ ಬಲಕ್ಕೆ ನಿಂತರೆ ಒಳ್ಳೆಯದು ಎನ್ನುತ್ತಾನೆ’ ಎಂದು ದಾಟಿಸಿದೆ. ಸೂಪರಿಂಟೆಂಡೆಂಟರು ಬೆನ್ನು ತಟ್ಟಿ, ‘ಏನ್ ಮಾರಾಯ, ಜಗಳಾನೇ ಇಲ್ಲದ ಶೆಡ್ಡು ಇದೊಂದೇ ನೋಡು’ ಎಂದರು. ನನಗೆ ಅದೇ ದೊಡ್ಡ ಪದಕ. ನಾವು ದೊಡ್ಡವರ ಮುಖದ ಮೇಲೆ ‘ಬೇಡ’ ಅನ್ನುವವರಲ್ಲ, ಬೇಡ ಅನ್ನಿಸಿಕೊಳ್ಳುವವರೂ ಅಲ್ಲ. ‘ನೋಡೋಣ’ ಅನ್ನುತ್ತೇವೆ, ‘ಹಾಗೇ ಮಾಡೋಣ, ಸ್ವಲ್ಪ ತಡೀರಿ’ ಅನ್ನುತ್ತೇವೆ. ಆ ರೂಢಿಯನ್ನೇ ನಾನು ಭಾಷಾಂತರದ ಕಲೆ ಎಂದುಕೊಂಡೆ.

ಇನ್ನೊಂದು ಸತ್ಯ ಹೇಳಿಬಿಡುತ್ತೇನೆ, ಹೊಸಬರು ಗಮನ ಕೊಡಬೇಕು. ಭಾಷೆ ಏನೂ ಬಾರದಿದ್ದಾಗ ನಾನು ಅಪಾಯದ ಮನುಷ್ಯನಾಗಿರಲಿಲ್ಲ. ಗೊತ್ತಾಗದಿದ್ದರೆ ಹತ್ತು ಸಲ ಕೇಳುತ್ತಿದ್ದೆ, ನೆಲದ ಮೇಲೆ ಚಿತ್ರ ಬರೆಸಿಕೊಳ್ಳುತ್ತಿದ್ದೆ, ನಾಚಿಕೆಯೇ ಇರಲಿಲ್ಲ. ಒಂದು ವರ್ಷ ಕಳೆದು, ಸ್ವೀಡಿಷ್ ಪತ್ರಿಕೆಯ ದಪ್ಪಕ್ಷರ ಓದಲು ಬಂದು, ಶ್ರೀಮತಿ ಹೋಲ್ಮ್ ‘ಲಿಂಗಪ್ಪನವರು ಮಧ್ಯಮ ತರಗತಿಗೆ ಬಂದಿದ್ದಾರೆ’ ಎಂದು ಹೇಳಿದ ಮೇಲೆ ಕೇಳುವುದನ್ನು ನಿಲ್ಲಿಸಿದೆ. ಮಾತಿನಲ್ಲಿ ಮುಕ್ಕಾಲು ಹಿಡಿದು, ಕಾಲು ಭಾಗ ಊಹಿಸಿ, ಪೂರ್ತಿ ಅರ್ಥವಾದವನಂತೆ ತಲೆಯಾಡಿಸುವುದು ಕಲಿತೆ. ಮಧ್ಯಮ ತರಗತಿಯವರೆಲ್ಲ ಹೀಗೆಯೇ ಇರುತ್ತಾರೆ ಎನ್ನುವುದಿಲ್ಲ. ನಾನಿದ್ದೆ.

ಕುಲುಮೆ ಸಿದ್ಧವಾಗಿ ಮೊದಲ ಉಕ್ಕು ಹೊಯ್ಯುವ ದಿನ ಗೊತ್ತಾಯಿತು. ಒಂದು ಶುಕ್ರವಾರ ಮಧ್ಯಾಹ್ನ. ಹಳೆಯ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಹೊಸ ಕೆಲಸವಾದರೂ ಮೊದಲ ಅಚ್ಚಿನ ಬಾಯಿಯ ಮೇಲೆ ಮೇಸ್ತ್ರಿ ತೆಂಗಿನಕಾಯಿ ಒಡೆದು, ಅದರ ನೀರನ್ನು ಒಂದು ಬೊಗಸೆ ಅಚ್ಚಿನೊಳಗೆ ಬಿಡಬೇಕು. ಮಾರಿಯಮ್ಮನಿಗೆ ಮೊದಲ ಗುಟುಕು, ಆಮೇಲೆ ಕಬ್ಬಿಣಕ್ಕೆ. ಮುನಿಸ್ವಾಮಿಯವರ ಅಪ್ಪನೂ ಹಾಗೇ ಮಾಡುತ್ತಿದ್ದರಂತೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ಏನೂ ಆಗಿರಲಿಲ್ಲ.

ಆ ದಿನ ಕಾಯಿ, ಕರ್ಪೂರದ ತಟ್ಟೆ ನೋಡಿ ಹೋಲ್ಮ್ ಏನೆಂದು ಕೇಳಿದ. ನಾನು ವಿವರಿಸಿದೆ. ಅವನು ನಗಲಿಲ್ಲ, ಹೀಯಾಳಿಸಲೂ ಇಲ್ಲ. ಮೇಸ್ತ್ರಿಯ ಕಡೆ ತಿರುಗಿ, ನಿಧಾನವಾಗಿ, ನನಗೆ ತಿಳಿಯಲೆಂದು ಒಂದೊಂದೇ ಮಾತಾಗಿ ಹೇಳಿದ. ‘ಬೇಡ. ಅಚ್ಚಿನೊಳಗೆ ಒಂದು ಹನಿಯೂ ಬೇಡ. ಕಾಯಿಯನ್ನು ಶೆಡ್ಡಿನ ಹೊರಗೆ, ಹೊಸ್ತಿಲಲ್ಲಿ ಒಡೆಯಲಿ. ಮರಳು ಕುಡಿಯುತ್ತದೆ. ಕಬ್ಬಿಣ ಕುಡಿಯುವುದಿಲ್ಲ.’

ಪ್ರತಿ ಶಬ್ದವೂ ನನಗೆ ಗೊತ್ತಿತ್ತು. ಕೊನೆಯ ಎರಡು ಮಾತಿನ ತಾತ್ಪರ್ಯ ಮಾತ್ರ ಹೊಳೆಯಲಿಲ್ಲ. ಮರಳು ಏನು ಕುಡಿಯುತ್ತದೆ, ಕಬ್ಬಿಣ ಏಕೆ ಕುಡಿಯಬೇಕು? ಅವರ ಕಡೆಯ ಏನೋ ಒಂದು ಆಡುಮಾತು ಇರಬೇಕು, ನೀರು ಬಿದ್ದರೆ ಉಕ್ಕಿನ ಹೊಳಪು ಕೆಡುತ್ತದೆ ಎಂದಿರಬೇಕು ಎಂದುಕೊಂಡೆ. ಕೇಳಬಹುದಿತ್ತು, ಕೇಳಲಿಲ್ಲ. ಎದುರಿಗೆ ಮುನಿಸ್ವಾಮಿ ಮೇಸ್ತ್ರಿ ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ತಟ್ಟೆ ಹಿಡಿದು ನಿಂತಿದ್ದಾರೆ. ಹಿಂದೆ ಶೆಡ್ಡಿನ ಜನವೆಲ್ಲ ಇದೆ. ಪೂಜೆಗೆ ಬೇಡ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

‘ಹೊಳ್ಳರು ಏನಂತಾರಪ್ಪಾ?’ ಎಂದು ಮೇಸ್ತ್ರಿ ಕೇಳಿದರು.

‘ಪೂಜೆ ಮಾಡ್ಲಿ ಅಂತಾರೆ ಮೇಸ್ತ್ರಿ. ನೀರು ಮಾತ್ರ ಜಾಸ್ತಿ ಬೇಡ, ಸ್ವಲ್ಪ ನೋಡ್ಕೊಂಡು ಹಾಕಿ ಅಂತಾರೆ.’

‘ಅಷ್ಟೇ ತಾನೆ, ಆಯ್ತು.’

ಹೋಲ್ಮ್ ನನ್ನನ್ನು ನೋಡಿದ. ‘ತಿಳಿಯಿತಂತೆ’ ಎಂದೆ. ಅವನು ಚುರ್ ಎಂದು ಉಸಿರೆಳೆದು ಕುಲುಮೆಯ ಅಟ್ಟ ಹತ್ತಿದ. ನಾನೂ ಹಿಂದೆ ಹತ್ತಿದೆ.

ಉಕ್ಕು ಇಳಿಸುವ ಹೊತ್ತಿಗೆ ಅಟ್ಟದ ಮೇಲೆ ಅವನಿಗೆ ಕುಲುಮೆಯ ಬಾಯಿ ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಕೆಳಗೆ ಸಾಲಾಗಿ ನಿಲ್ಲಿಸಿದ ಎರಕದ ಕಬ್ಬಿಣದ ಅಚ್ಚುಗಳು, ಮೊದಲನೆಯದರ ಹತ್ತಿರ ಕರ್ಪೂರದ ಉರಿ. ಮೇಸ್ತ್ರಿ ಕಾಯಿ ಒಡೆದು, ಒಂದು ಹೋಳನ್ನು ತಟ್ಟೆಗಿಟ್ಟು, ಇನ್ನೊಂದು ಹೋಳಿನ ನೀರನ್ನು ಪೂರ್ತಿ ಬಿಡದೆ, ಸ್ವಲ್ಪವೇ ಬಗ್ಗಿಸಿದ್ದು ಕಂಡಿತು. ನಾನು ಹೇಳಿದ ಹಾಗೇ, ನೋಡಿಕೊಂಡು. ಹತ್ತು ನಿಮಿಷಕ್ಕೆ ಕ್ರೇನಿಗೆ ತೂಗಿದ ಉಕ್ಕಿನ ಬಕೆಟ್ ಬಂದು ನಿಂತು ಮೊದಲ ಅಚ್ಚಿಗೆ ಉಕ್ಕು ಬಿತ್ತು.

ಸದ್ದು ಪಟಾಕಿಯದ್ದಲ್ಲ, ದೊಡ್ಡ ಬಾಗಿಲು ಹಾಕಿದ ಹಾಗೆ ಒಂದೇ ಸಲ ಆಯಿತು. ಅಚ್ಚಿನ ಬಾಯಿಂದ ಬಿಳಿಯ ಉಕ್ಕು ಮೇಲಕ್ಕೆ ಚಿಮ್ಮಿತು. ಪದ್ಧತಿಯಂತೆ ಮೊದಲ ಅಚ್ಚಿನ ಪಕ್ಕ ನಿಂತಿದ್ದವರು ಮೇಸ್ತ್ರಿ ಒಬ್ಬರೇ, ಬೇರೆಯವರನ್ನು ಅವರೇ ದೂರ ನಿಲ್ಲಿಸಿದ್ದರು. ಮುಖಕ್ಕೆ ಬಲಗೈ ಅಡ್ಡ ಹಿಡಿದಿದ್ದರಿಂದ ಕಣ್ಣು ಉಳಿಯಿತು. ಕೈ ಉಳಿಯಲಿಲ್ಲ ಎನ್ನಬೇಕು. ಬೆರಳುಗಳು ಒಂದಕ್ಕೊಂದು ಅಂಟಿ, ಮತ್ತೆ ಯಾವತ್ತೂ ಪೂರ್ತಿ ಬಿಡಿಸಿಕೊಳ್ಳಲಿಲ್ಲ.

ಮರುದಿನ ಸೂಪರಿಂಟೆಂಡೆಂಟರು ವಿಚಾರಣೆಗೆ ಕರೆದರು. ಹೋಲ್ಮ್ ತಾನು ಹೇಳಿದ್ದನ್ನು ಹೇಳಿದ, ನಾನೇ ಅದನ್ನು ಕನ್ನಡಕ್ಕೆ ತಂದೆ. ‘ಅಚ್ಚಿನೊಳಗೆ ನೀರು ಬೇಡ ಎಂದು ನಾನು ಸ್ಪಷ್ಟವಾಗಿ ಹೇಳಿದ್ದೆ’ ಎಂಬ ಅವನ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು. ಸೂಪರಿಂಟೆಂಡೆಂಟರು ನನ್ನ ಕಡೆ ತಿರುಗಿ, ‘ನೀನು ಮುನಿಸ್ವಾಮಿಗೆ ಹೇಳಿದ್ಯಾ?’ ಎಂದರು.

‘ಹೇಳಿದೆ ಸಾರ್.’

ನೀರಿನ ವಿಷಯ ಹೇಳಿದ್ದು ನಿಜವಲ್ಲವೆ? ಹಾಗೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಇಡೀ ಜಿಲ್ಲೆಯಲ್ಲಿ ಸ್ವೀಡಿಷ್ ಮತ್ತು ಕನ್ನಡ ಎರಡೂ ತಿಳಿದವನು ನಾನೊಬ್ಬನೇ. ನಡುವೆ ಏನು ಕಳೆದುಹೋಯಿತು ಎಂದು ಕಂಡುಹಿಡಿಯುವವರು ಯಾರೂ ಇರಲಿಲ್ಲ. ಆಸ್ಪತ್ರೆಯಲ್ಲಿದ್ದ ಮೇಸ್ತ್ರಿಯನ್ನಾಗಲಿ, ಶೆಡ್ಡಿನ ಜನವನ್ನಾಗಲಿ ಯಾರೂ ಕೇಳಲಿಲ್ಲ. ಮೇಸ್ತ್ರಿಗೆ ಚಾರ್ಜ್‌ಶೀಟ್ ಸಿದ್ಧವಾಯಿತು. ತಿಳಿದೂ ತಿಳಿದೂ ಎಚ್ಚರಿಕೆ ಮೀರಿದ್ದು, ನಿವೃತ್ತಿಗೆ ಎಂಟು ತಿಂಗಳಿರುವಾಗ ಕೆಲಸದಿಂದ ವಜಾ. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ, ಮೂವತ್ತು ವರ್ಷದ ಹೆಸರೂ ಹೋಗುತ್ತದೆ.

ಆಸ್ಪತ್ರೆಗೆ ಹೋದೆ. ಹೋಗದಿದ್ದರೆ ಜನ ಏನಂದುಕೊಳ್ಳುತ್ತಾರೋ ಎಂದು ಹೋದದ್ದು, ಸುಳ್ಳು ಏಕೆ ಹೇಳಲಿ. ಕೈ ಬಟ್ಟೆಯ ಮೂಟೆಯಾಗಿತ್ತು. ಮೇಸ್ತ್ರಿ ನನ್ನನ್ನು ನೋಡಿ ತಾವೇ ಕ್ಷಮೆ ಕೇಳುವವರ ದನಿಯಲ್ಲಿ, ‘ನೀ ಹೇಳ್ದಂಗೇ ಮಾಡ್ದೆ ಲಿಂಗಪ್ಪಾ. ನೀರು ಜಾಸ್ತಿ ಹಾಕ್ಲೇ ಇಲ್ಲ. ಇಷ್ಟೇ ಇಷ್ಟು. ಅಮ್ಮನಿಗೆ ಏನು ಕೋಪವೋ ಗೊತ್ತಾಗ್ತಿಲ್ಲ’ ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿ ನನಗೆ ಕೂರಲು ಸ್ಟೂಲು ಸರಿಸಿದರು. ನಾನು ಕೂರಲಿಲ್ಲ. ಹೊರಗೆ ಬಂದು, ಗೋಡೆ ಹಿಡಿದು ನಿಂತು ಅತ್ತೆ.

ನಾಲ್ಕು ದಿನ ರೈಲಿನಲ್ಲಿ ಹೋಗುತ್ತ ಬರುತ್ತ ಲೆಕ್ಕ ಹಾಕಿದೆ. ಒಪ್ಪಿಕೊಂಡರೆ ವಜಾ ಆಗುವವನು ನಾನು, ಎರಡು ಮಕ್ಕಳು, ಬಾಡಿಗೆ ಮನೆ. ಒಪ್ಪದಿದ್ದರೆ ಆ ಕೈ. ಐದನೆಯ ದಿನ ಸಂಜೆ ಪಾಠದ ಹೊತ್ತಿಗೆ ಗೆಸ್ಟ್ ಹೌಸಿಗೆ ಹೋದೆ. ಶ್ರೀಮತಿ ಹೋಲ್ಮ್ ಎಂದಿನಂತೆ ‘ಲಿಂಗಪ್ಪನವರು ಕಾಫಿ ಕುಡಿಯುತ್ತಾರೆಯೆ?’ ಎಂದರು. ಬೇಡ ಎಂದೆ. ಹೋಲ್ಮ್ ಎದುರಿಗೆ ನಿಂತು, ಅವನ ಭಾಷೆಯಲ್ಲೇ ಹೇಳಿದೆ. ನಮ್ಮ ಭಾಷೆಯಲ್ಲಾದರೆ ಸುತ್ತಿ ಬಳಸಿ ಹೇಳುತ್ತಿದ್ದೆ, ಹಾಗಾಯಿತು, ಹೀಗಾಯಿತು, ಬಾಯಿ ತಪ್ಪಿತು ಎನ್ನುತ್ತಿದ್ದೆ. ಸ್ವೀಡಿಷಿನಲ್ಲಿ ಅಷ್ಟು ಬಳಸಲು ನನಗೆ ಬರುತ್ತಿರಲಿಲ್ಲ. ‘ನೀವು ಬೇಡ ಎಂದಿರಿ. ನಾನು ಬೇಡ ಎನ್ನಲಿಲ್ಲ. ಕಡಿಮೆ ಹಾಕಿ ಎಂದೆ. ಅವರು ಕಡಿಮೆ ಹಾಕಿದರು. ಮರಳು, ಕಬ್ಬಿಣದ ಮಾತು ನನಗೆ ಅರ್ಥವಾಗಲಿಲ್ಲ. ಅದನ್ನು ಹೇಳಲೇ ಇಲ್ಲ.’

ಹೋಲ್ಮ್ ಕುರ್ಚಿ ಹಿಂದಕ್ಕೆ ಸರಿಸಿ ಎದ್ದ. ಆಮೇಲೆ, ‘ನಾಳೆ ಬೆಳಿಗ್ಗೆ ಆಸ್ಪತ್ರೆಯಲ್ಲಿ, ಸೂಪರಿಂಟೆಂಡೆಂಟರ ಮುಂದೆ, ಮೆಸ್ತಾರೆಯ ಮುಂದೆ, ಎರಡು ಭಾಷೆಯಲ್ಲೂ ಹೇಳು’ ಎಂದ. ಬಾಗಿಲ ತನಕ ಬಂದು, ‘ನನ್ನದೂ ತಪ್ಪಿದೆ. ಅವರಿಗೆ ಏನು ತಿಳಿಯಿತು ಎಂದು ನಾನು ಕೇಳಲಿಲ್ಲ, ನಿನ್ನನ್ನು ಕೇಳಿದೆ’ ಎಂದು ಸೇರಿಸಿದ. ಶ್ರೀಮತಿ ಹೋಲ್ಮ್ ಮುಖ ತಿರುಗಿಸಿಕೊಂಡು ಪುಸ್ತಕಗಳನ್ನು ಜೋಡಿಸುತ್ತಿದ್ದರು.

ಮಾರನೆಯ ದಿನ ಹೇಳಿದೆ. ಸೂಪರಿಂಟೆಂಡೆಂಟರ ಮುಖ ಕಪ್ಪಿಟ್ಟಿತು. ‘ಥೂ ನಿನ್ನ! ಜಗಳ ಇಲ್ಲದ ಶೆಡ್ಡು ಅಂದಿದ್ನಲ್ಲೋ ನಾನು!’ ಎಂದರು. ನಾನು ಅವರನ್ನು ನೋಡುತ್ತಿರಲಿಲ್ಲ. ಮಂಚದ ಮೇಲೆ ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದರು.

‘ಹೊಳ್ಳರು ಪೂರ್ತಿ ಏನಂದಿದ್ರು? ಇನ್ನೊಂದ್ಸಲ ಹೇಳು’ ಎಂದರು.

‘ಒಂದು ಹನಿಯೂ ಬೇಡ ಅಂದಿದ್ರು. ಮರಳು ಕುಡಿಯುತ್ತೆ, ಕಬ್ಬಿಣ ಕುಡಿಯಲ್ಲ ಅಂದಿದ್ರು.’

ಅವರ ಕಣ್ಣು ತೆರೆಯಿತು. ಮೂವತ್ತು ವರ್ಷ ಮರಳಿನ ಅಚ್ಚಿನಲ್ಲಿ ಕೆಲಸ ಮಾಡಿದವರಿಗೆ ವಿವರಣೆ ಬೇಕಾಗಲಿಲ್ಲ. ಮರಳು ನೀರನ್ನು ಹೀರಿಕೊಂಡು ಆವಿಯನ್ನು ಮೈಯೆಲ್ಲ ಹೊರಗೆ ಬಿಡುತ್ತದೆ. ಕಬ್ಬಿಣದ ಅಚ್ಚಿನ ತಳದಲ್ಲಿ ಅದೇ ನೀರು ಹೋಗಲು ದಾರಿಯಿಲ್ಲದೆ ನಿಂತಿರುತ್ತದೆ, ಮೇಲೆ ಉಕ್ಕು ಬಿದ್ದರೆ ಆವಿಯಾಗಿ ಸಿಡಿದು ಬರುತ್ತದೆ. ನನಗೆ ಅರ್ಥವಾಗದ ಮಾತು ಅರ್ಥವಾಗಬೇಕಾದವರಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು.

‘ಇಷ್ಟೇನಾ?’ ಎಂದರು. ‘ಇಷ್ಟು ಹೇಳಕ್ಕೆ ನಿಂಗೆ ಏನಾಗಿತ್ತಪ್ಪಾ?’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಗೋಡೆಯ ಕಡೆ ಹೊರಳಿ ಮಲಗಿದರು.

ಅವರ ಚಾರ್ಜ್‌ಶೀಟ್ ಹರಿದು ಹೋಯಿತು, ನನ್ನದು ಬಂತು. ಒಂದು ತಿಂಗಳು ಮನೆಯಲ್ಲಿ ಕೂತೆ. ಮದ್ರಾಸಿನಿಂದ ಯಾರನ್ನೋ ಕರೆಸುವ ಮಾತು ನಡೆಯಿತು, ಸಿಗಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಕೈಗೆ ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಬಂದು, ಸೂಪರಿಂಟೆಂಡೆಂಟರ ಹತ್ತಿರ ಹೋಗಿ ನನ್ನ ಹೆಸರು ಹೇಳಿದರಂತೆ. ‘ಬೆಂದಿರೋ ಕೈ ನಂದು, ನಾನು ಹೇಳ್ತೀನಿ. ಹೊಸಬ ಬಂದ್ರೆ ಅವನೂ ಮರ್ಯಾದೆ ಕಲಿತುಕೊಂಡೇ ಬಂದಿರ್ತಾನೆ. ಅವನಿಗೆ ಬುದ್ಧಿ ಬರಕ್ಕೆ ಇನ್ನೊಬ್ಬನ ಕೈ ಹೋಗ್ಬೇಕು. ಇವನಿಗಾದ್ರೆ ಬಂದಾಯ್ತು.’ ಅದು ಕ್ಷಮೆಯಲ್ಲ, ಕೆಲಸ ಬಲ್ಲವನ ಲೆಕ್ಕ. ನಾನು ಮರಳಿ ಬಂದಾಗ ಅವರು ಕೆಲಸದ ಮಾತು ಬಿಟ್ಟರೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಅವರ ಮನೆಯ ಡಬ್ಬಿ ನನ್ನ ಮುಂದೆ ತೆರೆಯಲಿಲ್ಲ.

ಕೆಲಸದ ರೀತಿ ಬದಲಾಯಿತು, ಅದನ್ನು ಬದಲಾಯಿಸಿದ್ದು ಹೋಲ್ಮ್. ಇನ್ನು ಮೇಲೆ ನಾನು ‘ಹೊಳ್ಳರು ಹೀಗಂತಾರೆ’ ಎಂದು ಶುರು ಮಾಡುವಂತಿರಲಿಲ್ಲ, ಅವನ ಬಾಯಿಯೇ ಆಗಿ ಮಾತಾಡಬೇಕು. ಹಂದಿ ಎಂದರೆ ಹಂದಿ. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದೇ ಹೇಳಿ, ಆ ಮಾತನ್ನು ಹಾಗೇ ದಾಟಿಸಬೇಕು. ಕೇಳಿದವರು ತಮಗೆ ತಿಳಿದದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ನಾನು ಅದನ್ನು ಹೋಲ್ಮ್‌ಗೆ ಹೇಳಬೇಕು, ಅವನು ಹೌದು ಎಂದ ಮೇಲೆಯೇ ಕೆಲಸ. ಮೊದಲ ವಾರ ಎರಡು ಸಲ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. ಆ ಮೇಲೆ ಜನಕ್ಕೆ ಒಗ್ಗಿತು. ಕ್ರೇನಿನವನಿಗೆ ತಾನು ಬೈದದ್ದು ಹೋಲ್ಮ್‌ಗೆ ಮುಟ್ಟುತ್ತದೆ ಎಂದು ತಿಳಿದ ಮೇಲೆ ಬೈಗುಳವೇ ಕಡಿಮೆಯಾಯಿತು.

ಹೋಲ್ಮ್ ದಂಪತಿ ಊರಿಗೆ ಹೊರಡುವ ಮುಂಚಿನ ವಾರ, ಮೇಸ್ತ್ರಿಯ ನಿವೃತ್ತಿಗೂ ಕೆಲವೇ ದಿನ ಉಳಿದಿದ್ದಾಗ, ಎರಡನೆಯ ಸಾಲಿನ ಹೊಸ ಅಚ್ಚುಗಳಿಗೆ ಮೊದಲ ಉಕ್ಕು ಹೊಯ್ಯುವುದಿತ್ತು. ಬೆಳಿಗ್ಗೆ ಮೇಸ್ತ್ರಿ ಬಿಳಿ ಪಂಚೆಯುಟ್ಟು, ತಟ್ಟೆ ಹಿಡಿದು ಬಂದರು. ಶೆಡ್ಡಿನ ಹೊಸ್ತಿಲಲ್ಲಿ ನಿಂತು ಕಾಯಿಗೆ ಕೈ ಹಾಕಿದರು. ಅಂಟಿದ ಬೆರಳುಗಳಿಗೆ ಅದು ದಕ್ಕಲಿಲ್ಲ, ಜಾರಿತು. ಎಡಗೈಯಿಂದ ಒಡೆಯುವುದು ಅವರಿಗೆ ಒಪ್ಪಿಗೆಯಿಲ್ಲ. ಸುತ್ತ ನೋಡಿ, ‘ಲಿಂಗಪ್ಪಾ, ಬಾ ಇಲ್ಲಿ. ಒಡಿ’ ಎಂದರು.

ಒಡೆದೆ. ನೀರು ಹೊಸ್ತಿಲ ಕಲ್ಲಿನ ಮೇಲೆ ಹರಿದು ಹೊರಗಿನ ಮಣ್ಣಿಗೆ ಇಳಿಯಿತು. ಹೋಲ್ಮ್ ಪಕ್ಕದಲ್ಲಿ ಟೋಪಿ ತೆಗೆದು ನಿಂತಿದ್ದ. ಆಮೇಲೆ ಎಂದಿನಂತೆ ಸೂಚನೆಗಳನ್ನು ಒಂದೊಂದಾಗಿ ಹೇಳಿದೆ, ಮೇಸ್ತ್ರಿ ತಮ್ಮ ಮಾತಿನಲ್ಲಿ ತಿರುಗಿ ಹೇಳಿದರು. ಅಚ್ಚು ಕಾದಿದೆ. ತಳ ಒಣಗಿದೆ. ಜನ ದೂರ ಇದ್ದಾರೆ. ಮರಳು ಕುಡಿಯುತ್ತೆ, ಕಬ್ಬಿಣ ಕುಡಿಯಲ್ಲ. ಎಲ್ಲ ಮುಗಿಯಿತು. ಹೋಲ್ಮ್ ಅಟ್ಟದ ಕಡೆ ಹೊರಟ. ಸೂಚನೆಯಲ್ಲಿಲ್ಲದ ಒಂದು ಮಾತು ನನ್ನ ಬಾಯಲ್ಲಿ ತಿಂಗಳುಗಟ್ಟಲೆ ಉಳಿದಿತ್ತು. ಸುತ್ತಿ ಬಳಸದೆ ಕೇಳಿಬಿಟ್ಟೆ.

‘ಮೇಸ್ತ್ರಿ, ನನ್ನ ಮೇಲಿನ ಸಿಟ್ಟು ಹೋಯ್ತಾ?’

ಅವರು ನನ್ನ ಮುಖ ನೋಡಿದರು, ತಮ್ಮ ಕೈ ನೋಡಿಕೊಂಡರು. ಕನ್ನಡದಲ್ಲಿ ಏನೂ ಹೇಳಲಿಲ್ಲ. ಬಾಯಿ ಚೂಪು ಮಾಡಿ, ಉಸಿರನ್ನು ಚುರ್ ಎಂದು ಒಳಗೆಳೆದುಕೊಂಡರು.

ಮೆಟ್ಟಿಲ ಮೇಲ್ಗಡೆ ಹೋಲ್ಮ್ ನಿಂತು, ತಿರುಗಿ ನೋಡಿದ. ಅವನಿಗೆ ನಾನು ಅದನ್ನು ಹೇಳಬೇಕಾಗಲಿಲ್ಲ.